ಗಾಲ್ಫ್ ಸ್ಟಾನ್ಸ್‌ನಲ್ಲಿ ಅಲೈನ್‌ಮೆಂಟ್ ಸರಿಮಾಡಲು ಸ್ಟಿಕ್, ಕನ್ನಡಿ, ವಿಡಿಯೊ, ಕೋಚ್: ಯಾರಿಗೆ ಯಾವುದು?

ಚೆಂಡು ಮತ್ತೆ ಮತ್ತೆ ಗುರಿಯ ಬಲಕ್ಕೋ ಎಡಕ್ಕೋ ಹೋಗುತ್ತಿದ್ದರೆ ನಾವು ಮೊದಲು ಕೈ ಹಾಕುವುದು ಸ್ವಿಂಗ್‌ಗೆ. ಗ್ರಿಪ್ ಬದಲಾಯಿಸುತ್ತೇವೆ, ಬ್ಯಾಕ್‌ಸ್ವಿಂಗ್ ಚಿಕ್ಕದು ಮಾಡುತ್ತೇವೆ, ಹೊಸ ಡ್ರೈವರ್ (ಎಲ್ಲಕ್ಕಿಂತ ದೂರ ಹೊಡೆಯುವ ಕ್ಲಬ್) ಕೊಳ್ಳುವ ಯೋಚನೆಯೂ ಬರುತ್ತದೆ. ನಿಂತ ದಿಕ್ಕೇ, ಅಂದರೆ ಅಲೈನ್‌ಮೆಂಟೇ, ತಪ್ಪಿರಬಹುದು ಎಂಬ ಅನುಮಾನ ಬರುವುದು ಎಲ್ಲಕ್ಕಿಂತ ಕೊನೆಗೆ. ಆದರೆ ನಿಲುವು (ಸ್ಟಾನ್ಸ್) ತಪ್ಪಿದರೆ ಸ್ವಿಂಗ್ ತಾನಾಗಿಯೇ ಕೆಡುತ್ತದೆ. ಗುರಿಯ ಬಲಕ್ಕೆ ತಿರುಗಿ ನಿಂತವರಿಗೆ ಫ್ಲ್ಯಾಗ್ (ಹೋಲ್‌ನ ಬಾವುಟ) ಎಡಗಡೆ ಇದೆ ಅಂತ ಒಳಗೊಳಗೇ ಗೊತ್ತಿರುತ್ತದೆ. ಹಾಗಾಗಿ ಡೌನ್‌ಸ್ವಿಂಗ್‌ನಲ್ಲಿ ಕೈಗಳು ಕ್ಲಬ್ಬನ್ನು ಎಡಕ್ಕೆ ಎಳೆದುಬಿಡುತ್ತವೆ. ಭುಜ ಎಡಕ್ಕೆ ತಿರುಗಿಸಿ ನಿಂತವರದ್ದು ಇನ್ನೊಂದು ಕಥೆ. ಕ್ಲಬ್ ಹೊರಗಿನಿಂದ ಒಳಕ್ಕೆ ಬರುತ್ತದೆ, ಚೆಂಡು ಬಲಕ್ಕೆ ಬಾಗಿ ಹೋಗುತ್ತದೆ, ಅಂದರೆ ಸ್ಲೈಸ್ ಆಗುತ್ತದೆ. ಸ್ಲೈಸ್ ಆಯಿತಲ್ಲ ಅಂತ ಅವರು ಇನ್ನಷ್ಟು ಎಡಕ್ಕೆ ತಿರುಗಿ ನಿಲ್ಲುತ್ತಾರೆ. ಸ್ಲೈಸ್ ಇನ್ನೂ ಜಾಸ್ತಿಯಾಗುತ್ತದೆ.

ಇದನ್ನು ಸರಿಮಾಡಲು ಬೇಕಾದಷ್ಟು ದಾರಿಗಳಿವೆ. ನೆಲದ ಮೇಲೆ ಸ್ಟಿಕ್ ಇಡಬಹುದು, ಚೆಂಡಿನ ಮುಂದೆ ಒಂದು ಗುರುತು ನೋಡಿಕೊಳ್ಳಬಹುದು, ಕನ್ನಡಿ ಮುಂದೆ ನಿಲ್ಲಬಹುದು, ಫೋನಿನಲ್ಲಿ ವಿಡಿಯೊ ಮಾಡಬಹುದು, ಕೋಚ್ ಹತ್ತಿರ ಹೋಗಬಹುದು, ಲಾಂಚ್ ಮಾನಿಟರ್ (ಕ್ಲಬ್, ಚೆಂಡು ಸಾಗುವ ರೀತಿ ಅಳೆಯುವ ಯಂತ್ರ) ಮುಂದೆ ಹೊಡೆಯಬಹುದು. ತೊಂದರೆ ಏನೆಂದರೆ ಇವೆಲ್ಲ ಒಂದೇ ಕೆಲಸ ಮಾಡುವುದಿಲ್ಲ. ಕಾಲು ಸರಿಯಿದೆಯೇ ಎಂದು ಹೇಳುವ ಸಾಧನ ಭುಜದ ಬಗ್ಗೆ ಏನೂ ಹೇಳುವುದಿಲ್ಲ. ಮನೆಯಲ್ಲಿ ಚೆನ್ನಾಗಿ ನಡೆಯುವುದು ಕೋರ್ಸ್‌ನಲ್ಲಿ ಸಿಗುವುದಿಲ್ಲ.

ಅದಕ್ಕೆ ನಾನು ಯಾರಿಗೇ ಹೇಳಿದರೂ ಎರಡೇ ಪ್ರಶ್ನೆ ಇಟ್ಟುಕೊಂಡು ಆಯ್ಕೆ ಮಾಡಿ ಎನ್ನುತ್ತೇನೆ. ನಿಮ್ಮಲ್ಲಿ ತಪ್ಪಿರುವುದು ಯಾವುದು: ಕ್ಲಬ್‌ಫೇಸಾ (ಚೆಂಡಿಗೆ ತಾಗುವ ಕ್ಲಬ್ಬಿನ ಮುಖ), ಪಾದವಾ, ಭುಜವಾ? ಈ ಅಭ್ಯಾಸ ರೌಂಡ್ ಆಡುವಾಗಲೂ ನಿಮ್ಮ ಜೊತೆ ಬರುತ್ತದೆಯೇ? ಇಲ್ಲಿ ಹೇಳುವುದೆಲ್ಲ ಬಲಗೈ ಆಟಗಾರರಿಗೆ. ಎಡಗೈಯವರು ಬಲ ಎಡಗಳನ್ನು ಅದಲುಬದಲು ಮಾಡಿಕೊಂಡರೆ ಆಯಿತು.

ಸರಿಯಾದ ನಿಲುವು ಅಂದರೆ ಯಾವುದು

ಚೆಂಡಿನಿಂದ ಗುರಿಗೆ ಒಂದು ಗೆರೆ. ಕ್ಲಬ್‌ಫೇಸ್ ಆ ಗೆರೆಯ ಮೇಲೆ ನೇರ ಗುರಿಯನ್ನು ನೋಡಬೇಕು. ಪಾದ, ಮಂಡಿ, ಸೊಂಟ, ಭುಜ ಇವೆಲ್ಲ ಆ ಗೆರೆಗೆ ಸಮಾನಾಂತರವಾಗಿ, ಅದರ ಎಡಕ್ಕೆ ಇರಬೇಕು. ರೈಲು ಹಳಿಯ ಹಾಗೆ: ಹೊರಗಿನ ಹಳಿ ಚೆಂಡಿನದು, ಒಳಗಿನ ಹಳಿ ನಿಮ್ಮ ಮೈಯದು. ಮೈ ಫ್ಲ್ಯಾಗ್ ಕಡೆ ನೋಡುವುದಿಲ್ಲ, ಅದರ ಸ್ವಲ್ಪ ಎಡಕ್ಕೆ ನೋಡುತ್ತದೆ.

ಈ "ಸ್ವಲ್ಪ" ಎಷ್ಟು ಎಂದು ಲೆಕ್ಕ ಹಾಕಿದರೆ ಒಂದು ವಿಷಯ ತಿಳಿಯುತ್ತದೆ. ಐರನ್ (ಮಧ್ಯಮ ದೂರದ ಕ್ಲಬ್) ಹೊಡೆಯುವಾಗ ಕಾಲ್ಬೆರಳಿನ ಗೆರೆಗೂ ಚೆಂಡಿನ ಗೆರೆಗೂ ಎರಡು ಅಡಿಗಿಂತ ತುಸು ಜಾಸ್ತಿ ಅಂತರ. 150 ಗಜ ದೂರದ ಫ್ಲ್ಯಾಗ್‌ಗೆ ನಿಮ್ಮ ಪಾದ ನೇರ ತೋರಿಸಿದರೂ ಆಗುವ ತಪ್ಪು ಒಂದು ಡಿಗ್ರಿಯ ಮೂರನೇ ಒಂದು ಭಾಗದಷ್ಟು. ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ನಿಜವಾಗಿ ಆಟ ಕೆಡಿಸುವುದು ಐದು, ಎಂಟು, ಹತ್ತು ಡಿಗ್ರಿಯ ತಪ್ಪುಗಳು. 200 ಗಜದಲ್ಲಿ ಒಂದು ಡಿಗ್ರಿ ಎಂದರೆ ಸುಮಾರು ಮೂರೂವರೆ ಗಜ. ಐದು ಡಿಗ್ರಿ ಎಂದರೆ 17 ಗಜಕ್ಕಿಂತ ಜಾಸ್ತಿ. ಫೇರ್‌ವೇ (ಹುಲ್ಲು ಕತ್ತರಿಸಿದ ದಾರಿ) ಮಧ್ಯದ ಬದಲು ಮರಗಳ ನಡುವೆ ಹೋಗಲು ಇಷ್ಟು ಸಾಕು.

ಇಷ್ಟು ದೊಡ್ಡ ತಪ್ಪು ಕಣ್ಣಿಗೆ ಬೀಳದೆ ಇರುವುದು ಹೇಗೆ? ಗಾಲ್ಫ್‌ನಲ್ಲಿ ನಾವು ಗುರಿಗೆ ಎದುರಾಗಿ ನಿಲ್ಲುವುದಿಲ್ಲ, ಪಕ್ಕಕ್ಕೆ ನಿಲ್ಲುತ್ತೇವೆ. ಕುತ್ತಿಗೆ ತಿರುಗಿಸಿ, ತಲೆ ಬಾಗಿಸಿ, ಎಡಭುಜದ ಮೇಲಿಂದ ಫ್ಲ್ಯಾಗ್ ನೋಡುತ್ತೇವೆ. ಆ ಕೋನದಿಂದ ಕಣ್ಣು ಹೇಳುವುದನ್ನು ಪೂರ್ತಿ ನಂಬುವ ಹಾಗಿಲ್ಲ. ದಿನಾ ತಪ್ಪಾಗಿ ನಿಂತರೆ ಆ ತಪ್ಪೇ ನೇರ ಅಂತ ಅನ್ನಿಸತೊಡಗುತ್ತದೆ. ಹಾಗಾಗಿ ಹೊರಗಿನಿಂದ ಒಂದು ಸಾಕ್ಷಿ ಬೇಕೇ ಬೇಕು.

ಎಲ್ಲರೂ ಹೀಗೇ ನೇರವಾಗಿ ನಿಲ್ಲಬೇಕಾ ಎಂಬ ಪ್ರಶ್ನೆಗೂ ಉತ್ತರ ಬೇಕು. ಲೀ ಟ್ರೆವಿನೊ ಮೈ ಎಡಕ್ಕೆ ತೆರೆದು ನಿಂತು ಫೇಡ್ (ತುಸು ಬಲಕ್ಕೆ ತಿರುಗುವ ಹೊಡೆತ) ಹೊಡೆದು ಆರು ಮೇಜರ್ (ಅತಿ ದೊಡ್ಡ ಪಂದ್ಯಾವಳಿ) ಗೆದ್ದರು. ಬಾಬಿ ಲಾಕ್ ಬಲಕ್ಕೆ ಮುಚ್ಚಿ ನಿಂತು, ಎಲ್ಲ ಚೆಂಡನ್ನೂ ಬಲದಿಂದ ಎಡಕ್ಕೆ ತಿರುಗಿಸುತ್ತ ದಿ ಓಪನ್ ಪಂದ್ಯಾವಳಿಯನ್ನು ನಾಲ್ಕು ಸಲ ಗೆದ್ದರು: 1949, 1950, 1952, 1957. ಅವರ ನಿಲುವಿಗೂ ಸ್ವಿಂಗ್‌ಗೂ ಹೊಂದಾಣಿಕೆ ಇತ್ತು, ಚೆಂಡು ಎಷ್ಟು ತಿರುಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ನಮ್ಮಂಥವರಿಗೆ ನೇರ ನಿಲುವೇ ಒಳ್ಳೆಯದು. ಅದರಿಂದ ಚೆಂಡು ನೇರ ಹೋಗುತ್ತದೆ ಅಂತ ಅಲ್ಲ. ನಿಲುವು ನೇರ ಇದ್ದಾಗ ಮಾತ್ರ ಚೆಂಡು ಯಾಕೆ ತಿರುಗಿತು ಎಂಬುದು ಗೊತ್ತಾಗುತ್ತದೆ.

ಎರಡು ಕಡೆ ಮಾತ್ರ ಸಡಿಲ ಬಿಡಬಹುದು. ವೆಜ್ (ಕಡಿಮೆ ದೂರದ ಕ್ಲಬ್) ಹಿಡಿದು ಹತ್ತಿರದ ಪಿಚ್ (ಎತ್ತರಕ್ಕೆ ಹಾರಿಸುವ ಚಿಕ್ಕ ಹೊಡೆತ) ಹೊಡೆಯುವಾಗ ಎಡಪಾದ ಸ್ವಲ್ಪ ಹಿಂದಿಟ್ಟರೆ ಮೈ ಸುಲಭವಾಗಿ ತಿರುಗುತ್ತದೆ. ಬೆನ್ನು, ಸೊಂಟ ಬಿಗಿಯಾಗಿರುವವರು ಡ್ರೈವರ್ ಹೊಡೆಯುವಾಗ ಬಲಪಾದವನ್ನು ಒಂದೆರಡು ಇಂಚು ಹಿಂದಿಟ್ಟರೆ ಬ್ಯಾಕ್‌ಸ್ವಿಂಗ್ ಪೂರ್ತಿಯಾಗುತ್ತದೆ. ಎರಡರಲ್ಲೂ ಸರಿಸುವುದು ಪಾದ ಮಾತ್ರ. ಭುಜ ಗೆರೆಗೆ ಸಮಾನಾಂತರವಾಗಿಯೇ ಇರಲಿ.

ನೆಲದ ಮೇಲೆ ಸ್ಟಿಕ್ ಅಥವಾ ಕ್ಲಬ್

ಎಲ್ಲರೂ ಶುರು ಮಾಡುವುದು ಇಲ್ಲಿಂದಲೇ, ಶುರು ಮಾಡಬೇಕಾದದ್ದೂ ಇಲ್ಲಿಂದಲೇ. ಅಲೈನ್‌ಮೆಂಟ್ ಸ್ಟಿಕ್ ಎಂದರೆ ನಾಲ್ಕು ಅಡಿಯಷ್ಟು ಉದ್ದದ ತೆಳ್ಳನೆಯ ಕಡ್ಡಿ. ಅದಿಲ್ಲದಿದ್ದರೆ ಬ್ಯಾಗಿನಲ್ಲಿರುವ ಎರಡು ಕ್ಲಬ್ ಸಾಕು, ಕೆಲಸದಲ್ಲಿ ವ್ಯತ್ಯಾಸವಿಲ್ಲ. ಒಂದನ್ನು ಚೆಂಡಿನ ಆಚೆ ಬದಿಗೆ, ಗುರಿಯ ಗೆರೆಗೆ ಹೊಂದಿಸಿ ಇಡಿ. ಇನ್ನೊಂದನ್ನು ಅದಕ್ಕೆ ಸಮಾನಾಂತರವಾಗಿ ಪಾದದ ಹತ್ತಿರ.

ಇಡುವ ರೀತಿಯಲ್ಲೇ ಹೆಚ್ಚಿನವರು ಎಡವುತ್ತಾರೆ. ಚೆಂಡಿನ ಪಕ್ಕ ನಿಂತು, ಅಲ್ಲಿಂದಲೇ ಅಂದಾಜಿನಲ್ಲಿ ಸ್ಟಿಕ್ ಎಸೆದರೆ ನಿಮ್ಮ ಕಣ್ಣಿನ ತಪ್ಪು ಸ್ಟಿಕ್‌ಗೂ ಬರುತ್ತದೆ. ಆಮೇಲೆ ಆ ತಪ್ಪು ಗೆರೆಗೆ ಶ್ರದ್ಧೆಯಿಂದ ಪಾದ ಹೊಂದಿಸಿ ನೂರು ಚೆಂಡು ಹೊಡೆದು ಮನೆಗೆ ಹೋಗುತ್ತೀರಿ. ಸ್ಟಿಕ್ ಇಟ್ಟ ಮೇಲೆ ನಾಲ್ಕು ಹೆಜ್ಜೆ ಹಿಂದೆ ಹೋಗಿ, ಅದರ ನೇರಕ್ಕೆ ನಿಂತು ಗುರಿ ನೋಡಿ. ತಪ್ಪಿದ್ದರೆ ಸರಿಸಿ, ಮತ್ತೆ ಹಿಂದೆ ಹೋಗಿ ನೋಡಿ. ಡ್ರೈವಿಂಗ್ ರೇಂಜ್‌ನ (ಅಭ್ಯಾಸದ ಮೈದಾನದ) ಮ್ಯಾಟ್ ಅಂಚನ್ನು ನಂಬಬೇಡಿ. ಮ್ಯಾಟ್ ಎಲ್ಲೋ ನೋಡುತ್ತಿರುತ್ತದೆ, ನಿಮ್ಮ ಗುರಿ ಬೇರೆಲ್ಲೋ ಇರುತ್ತದೆ. ಕೋರ್ಸ್‌ನ ಟೀ ಜಾಗವೂ (ಹೋಲ್‌ನ ಮೊದಲ ಹೊಡೆತದ ಜಾಗ) ಅಷ್ಟೇ. ಅದು ಫೇರ್‌ವೇ ಮಧ್ಯಕ್ಕೇ ತೋರಿಸಬೇಕೆಂದೇನಿಲ್ಲ.

ಪಾದದ ಸ್ಟಿಕ್ ಓದುವಾಗ ಇನ್ನೊಂದು ವಿಷಯ ನೋಡಿ. ಹೆಚ್ಚಿನವರು ಎಡಪಾದವನ್ನು ಗುರಿಯ ಕಡೆ ಸ್ವಲ್ಪ ತೆರೆದಿಡುತ್ತಾರೆ, ಅದು ಒಳ್ಳೆಯದೇ. ಸುಮಾರು 25 ಡಿಗ್ರಿ ತೆರೆದರೆ ಎಡಗಾಲಿನ ಬೆರಳ ತುದಿ ಎರಡೂವರೆ ಸೆಂಟಿಮೀಟರ್‌ನಷ್ಟು ಹಿಂದೆ ಸರಿಯುತ್ತದೆ. ಬಲಪಾದ ನೇರವಾಗಿದೆ. ಈಗ ಎರಡೂ ಬೆರಳ ತುದಿಗೆ ತಾಗುವಂತೆ ಸ್ಟಿಕ್ ಇಟ್ಟರೆ ಅದು ಮೂರು ನಾಲ್ಕು ಡಿಗ್ರಿ ಎಡಕ್ಕೆ ತೋರಿಸುತ್ತದೆ. ನಿಮ್ಮ ನಿಲುವು ಸರಿಯೇ ಇತ್ತು, ಅಳತೆ ತಪ್ಪಾಯಿತು! ಅದನ್ನು ನಂಬಿ ಎಡಪಾದ ಮುಂದೆ ತಂದರೆ ನಿಜವಾಗಿಯೂ ಬಲಕ್ಕೆ ಮುಚ್ಚಿದ ಹಾಗಾಗುತ್ತದೆ. ಅದಕ್ಕೆ ಹಿಮ್ಮಡಿಯಿಂದ ಹಿಮ್ಮಡಿಗೆ ಗೆರೆ ನೋಡಿ. ಪಾದ ಎಷ್ಟೇ ತೆರೆದಿದ್ದರೂ ಹಿಮ್ಮಡಿಯ ಗೆರೆ ಅಷ್ಟಾಗಿ ಬದಲಾಗುವುದಿಲ್ಲ.

ಸ್ಟಿಕ್‌ನ ದೊಡ್ಡ ಕೊರತೆ ಏನೆಂದರೆ ಅದು ಪಾದ ಬಿಟ್ಟು ಮೇಲಕ್ಕೆ ಏನನ್ನೂ ಹೇಳುವುದಿಲ್ಲ. ಪಾದ ಗೆರೆಗೆ ಹೊಂದಿಕೊಂಡು ಭುಜ ಎಂಟು ಡಿಗ್ರಿ ಎಡಕ್ಕೆ ತೆರೆದಿರುವುದು ತುಂಬಾ ಸಾಮಾನ್ಯ. ಕ್ಲಬ್ ಸಾಗುವ ದಾರಿಯನ್ನು ಪಾದಕ್ಕಿಂತ ಜಾಸ್ತಿ ತಿದ್ದುವುದು ಭುಜ. ಹಾಗಾಗಿ ಸ್ಟಿಕ್ ಇಟ್ಟೂ ಸ್ಲೈಸ್ ಹೋಗದವರು ಸ್ಟಿಕ್ಕನ್ನು ದೂರಬೇಕಿಲ್ಲ, ಭುಜ ನೋಡಿಕೊಳ್ಳಬೇಕು.

ಬಳಸುವ ಕ್ರಮದಲ್ಲೂ ಎರಡು ಬಗೆ. ಇಡೀ ಹೊತ್ತು ಸ್ಟಿಕ್ ಕೆಳಗಿಟ್ಟು ಹೊಡೆಯುವುದು ಒಂದು. ಮೊದಲು ಸ್ಟಿಕ್ ಇಲ್ಲದೆ ನಿಂತು, ಆಮೇಲೆ ಹಿಮ್ಮಡಿಯ ಹಿಂದೆ ಸ್ಟಿಕ್ ಇಟ್ಟು, ಹಿಂದೆ ಸರಿದು ಎಲ್ಲಿ ತೋರಿಸುತ್ತಿದೆ ಅಂತ ನೋಡುವುದು ಇನ್ನೊಂದು. ಮೊದಲನೆಯದು ಮೈಗೆ ಅಭ್ಯಾಸ ಕೊಡುತ್ತದೆ. ಎರಡನೆಯದು ನಿಮ್ಮ ಕಣ್ಣು ಎಷ್ಟು ತಪ್ಪುತ್ತಿದೆ ಎಂದು ತೋರಿಸುತ್ತದೆ. ನನ್ನ ಪ್ರಕಾರ ಎರಡನೆಯದೇ ಹೆಚ್ಚು ಉಪಯೋಗ. ಸ್ಟಿಕ್ ಸದಾ ಕೆಳಗಿದ್ದರೆ ಕಣ್ಣು ಅದನ್ನೇ ಹಿಡಿದುಕೊಳ್ಳುತ್ತದೆ. ಕೋರ್ಸ್‌ನಲ್ಲಿ ಅದು ಇರುವುದಿಲ್ಲ.

ಇರುವ ಹಾಗೂ ಇಲ್ಲ. 2019ರಲ್ಲಿ ನಿಯಮ ಬದಲಾಯಿತು. ರೌಂಡ್ ನಡೆಯುವಾಗ ಪಾದ ಇಡಲು, ಗುರಿ ಹೊಂದಿಸಲು ಸಹಾಯವಾಗುವಂತೆ ಯಾವುದೇ ವಸ್ತುವನ್ನು ನೆಲಕ್ಕಿಡುವಂತಿಲ್ಲ. ಹೊಡೆಯುವ ಮುಂಚೆ ಅದನ್ನು ತೆಗೆದರೂ ದಂಡ ತಪ್ಪುವುದಿಲ್ಲ. ಒಟ್ಟು ಹೊಡೆತ ಎಣಿಸುವ ಸ್ಟ್ರೋಕ್ ಪ್ಲೇಯಲ್ಲಿ ಎರಡು ಸ್ಟ್ರೋಕ್ ದಂಡ, ಹೋಲ್ ಹೋಲಾಗಿ ಗೆಲ್ಲುವ ಮ್ಯಾಚ್ ಪ್ಲೇಯಲ್ಲಿ ಆ ಹೋಲ್ ಸೋತ ಹಾಗೆ. ಸ್ಟಿಕ್ ಬ್ಯಾಗಿನಲ್ಲೇ ಇರಲಿ, ತೊಂದರೆಯಿಲ್ಲ. ಕೆಳಗಿಡಬೇಡಿ ಅಷ್ಟೇ.

ಚೆಂಡಿನ ಮುಂದಿನ ಗುರುತು

ಕೋರ್ಸ್‌ಗೆ ಜೊತೆಯಲ್ಲಿ ಬರುವ ಅಭ್ಯಾಸ ಇದು. ಚೆಂಡಿನ ಹಿಂದೆ ನಿಂತು ಗುರಿ ನೋಡಿ. ಆ ಗೆರೆಯ ಮೇಲೆ ಚೆಂಡಿನ ಸ್ವಲ್ಪ ಮುಂದೆ ಮೊದಲೇ ಇರುವ ಏನಾದರೊಂದನ್ನು ಆರಿಸಿಕೊಳ್ಳಿ: ಒಣ ಎಲೆ, ಹಳೆಯ ಡಿವಾಟ್ (ಕ್ಲಬ್ ತಾಗಿ ಹುಲ್ಲು ಕಿತ್ತ ಜಾಗ), ಬಣ್ಣ ಬೇರೆಯಾದ ಹುಲ್ಲಿನ ಚುಕ್ಕೆ. ಆಮೇಲೆ 150 ಗಜ ದೂರದ ಫ್ಲ್ಯಾಗ್ ಬದಲು ಈ ಹತ್ತಿರದ ಗುರುತಿಗೆ ಕ್ಲಬ್‌ಫೇಸ್ ಹೊಂದಿಸುವುದು. 18 ಮೇಜರ್ ಗೆದ್ದ ಜ್ಯಾಕ್ ನಿಕ್ಲಾಸ್ ತಮ್ಮ ಆಟದುದ್ದಕ್ಕೂ ಹೀಗೆ ಮಾಡಿದರು. ಅಲ್ಲಿ ಇರುವುದನ್ನು ಆರಿಸಿಕೊಳ್ಳಬೇಕು, ಎಲೆ ತಂದಿಟ್ಟರೆ ಮೇಲೆ ಹೇಳಿದ ದಂಡವೇ.

ಗುರುತು ಎಷ್ಟು ದೂರ ಇರಬೇಕು ಎಂಬುದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ಆರು ಇಂಚು ಮುಂದಿನ ಗುರುತಿನಲ್ಲಿ ಅರ್ಧ ಇಂಚು ತಪ್ಪಿದರೆ ಸುಮಾರು ಐದು ಡಿಗ್ರಿ ತಪ್ಪುತ್ತದೆ. ಎರಡು ಅಡಿ ಮುಂದಿದ್ದರೆ ಅದೇ ಅರ್ಧ ಇಂಚಿಗೆ ಒಂದು ಡಿಗ್ರಿಗಿಂತ ತುಸು ಜಾಸ್ತಿ. ಮೂರು ಅಡಿಗೆ ಇನ್ನೂ ಕಡಿಮೆ. ಅದಕ್ಕಿಂತ ದೂರ ಹೋದರೆ ಮತ್ತೆ ತಲೆ ಎತ್ತಿ ನೋಡಬೇಕು, ಬಂದ ಲಾಭ ಹೋಯಿತು. ಎರಡರಿಂದ ಮೂರು ಅಡಿ ಸರಿಯಾದ ದೂರ.

ಇದರಿಂದ ಕ್ಲಬ್‌ಫೇಸ್ ಸರಿಹೋಗುತ್ತದೆ, ಅದೇ ಮುಖ್ಯ. ಚೆಂಡು ಯಾವ ಕಡೆ ಹೊರಡುತ್ತದೆ ಎಂಬುದನ್ನು ಬಹುಪಾಲು ನಿರ್ಧರಿಸುವುದು ಫೇಸ್: ಡ್ರೈವರ್‌ನಲ್ಲಿ ಸುಮಾರು 85 ಶೇಕಡ, ಐರನ್‌ನಲ್ಲಿ ಸುಮಾರು 75. ಆದರೆ ಗುರುತು ನೋಡಿದರೆ ಸಾಲದು, ಮೈ ಅದನ್ನು ಹಿಂಬಾಲಿಸಬೇಕು. ಇಲ್ಲಿ ಕ್ರಮ ತಪ್ಪಬಾರದು. ಮೊದಲು ಫೇಸ್ ಗುರುತಿಗೆ ಇಡಿ. ಆಮೇಲೆ ಪಾದ. ಪಾದ ಮೊದಲು ಊರಿ ನಂತರ ಕ್ಲಬ್ ಇಟ್ಟರೆ ಫೇಸ್ ಪಾದಕ್ಕೆ ಹೊಂದಿಕೊಳ್ಳುತ್ತದೆ, ಗುರಿಗಲ್ಲ. ಆಮೇಲೆ ತಲೆ ಎತ್ತಿ ಫ್ಲ್ಯಾಗ್ ನೋಡುವಾಗ ಪಾದ ಸರಿಸಬೇಡಿ. "ಯಾಕೋ ಬಲಕ್ಕಿದೆ" ಅಂತ ಅನ್ನಿಸಿ ಒಂದಿಂಚು ಸರಿಸಿದರೆ ಮಾಡಿದ್ದೆಲ್ಲ ಹೋಯಿತು. ಅನುಮಾನ ಬಂದರೆ ಹಿಂದೆ ಸರಿದು ಮೊದಲಿನಿಂದ ಶುರು ಮಾಡಿ.

ಸ್ಟಿಕ್ ಮತ್ತು ಗುರುತು, ಎರಡರಲ್ಲಿ ಒಂದನ್ನೇ ಆರಿಸಬೇಕೆಂದರೆ ನಾನು ಗುರುತನ್ನೇ ಆರಿಸುತ್ತೇನೆ. ಎರಡೂ ಆಗುತ್ತದೆ ಎಂದರೆ ಇನ್ನೂ ಒಳ್ಳೆಯದು: ಗುರುತು ನೋಡಿ ನಿಲ್ಲಿ, ಸ್ಟಿಕ್ ಇಟ್ಟು ಪರೀಕ್ಷೆ ಮಾಡಿ.

ಭುಜದ ವಿಷಯ: ಕನ್ನಡಿ ಸಾಕಾ, ವಿಡಿಯೊ ಬೇಕಾ?

ಭುಜ ಯಾಕೆ ತಪ್ಪುತ್ತದೆ ಎಂಬುದನ್ನು ಒಂದು ಸಲ ನಿಧಾನವಾಗಿ ಮಾಡಿ ನೋಡಿ. ಕ್ಲಬ್ ಇಲ್ಲದೆ ಸ್ಟಾನ್ಸ್ ತೆಗೆದುಕೊಳ್ಳಿ, ಎರಡೂ ಕೈ ಇಳಿಬಿಡಿ. ಭುಜ ನೇರವಾಗಿರುತ್ತದೆ. ಈಗ ಎಡಗೈಯಿಂದ ಕ್ಲಬ್ ಹಿಡಿಯಿರಿ, ಇನ್ನೂ ನೇರವಾಗಿಯೇ ಇದೆ. ಬಲಗೈ ಹಿಡಿಯಬೇಕಾದ್ದು ಎಡಗೈಗಿಂತ ಕೆಳಗೆ. ಅಲ್ಲಿಗೆ ತಲುಪಲು ಬಲಗೈ ಮೇಲಿನಿಂದ ಬರುತ್ತದೆ, ಬಲ ಮೊಣಕೈ ನೆಟ್ಟಗಾಗುತ್ತದೆ, ಅದರ ಹಿಂದೆಯೇ ಬಲಭುಜ ಚೆಂಡಿನ ಕಡೆ ಮುಂದೆ ಬರುತ್ತದೆ. ಅಲ್ಲಿಗೆ ಭುಜದ ಗೆರೆ ಎಡಕ್ಕೆ ತೆರೆಯಿತು. ಪಾದ ಒಂದಿಂಚೂ ಅಲುಗಿಲ್ಲ. ಅದರ ಬದಲು ಬಲಗೈಯನ್ನು ಪಕ್ಕದಿಂದ, ತುಸು ಕೆಳಗಿನಿಂದ ತನ್ನಿ. ಮೊಣಕೈ ಮೆತ್ತಗೆ ಮಡಚಿ ಬಲ ಸೊಂಟದ ಕಡೆ ನೋಡುತ್ತಿರಲಿ. ಬಲಭುಜ ಎಡಭುಜಕ್ಕಿಂತ ಸ್ವಲ್ಪ ಕೆಳಗಿಳಿಯುತ್ತದೆ, ಮುಂದೆ ಬರುವುದಿಲ್ಲ. ಇಷ್ಟೇ ತಿದ್ದುಪಡಿ ಎಷ್ಟೋ ಜನರ ಸ್ಲೈಸ್ ಕಡಿಮೆ ಮಾಡುತ್ತದೆ.

ಚೆಂಡಿನ ಜಾಗವೂ ಭುಜವನ್ನು ಎಳೆಯುತ್ತದೆ. ಚೆಂಡು ತೀರಾ ಮುಂದೆ, ಎಡಪಾದದ ಆಚೆಗಿದ್ದರೆ ಅದನ್ನು ತಲುಪಲು ಭುಜ ತೆರೆಯುತ್ತದೆ. ತೀರಾ ಹಿಂದಿದ್ದರೆ ಮುಚ್ಚಿಕೊಳ್ಳುತ್ತದೆ. ಭುಜ ಎಷ್ಟು ತಿದ್ದಿದರೂ ನಿಲ್ಲುತ್ತಿಲ್ಲ ಎಂದರೆ ಮೊದಲು ಚೆಂಡಿನ ಜಾಗ ನೋಡಿ.

ಈಗ ಕನ್ನಡಿ. ಎದುರಿಗೆ ಕನ್ನಡಿ ಇಟ್ಟರೆ ಭುಜದ ಓರೆ, ಚೆಂಡಿನ ಜಾಗ, ಕೈಗಳ ಜಾಗ ಕಾಣುತ್ತದೆ, ಭುಜ ಯಾವ ಕಡೆ ನೋಡುತ್ತಿದೆ ಎಂಬುದು ಕಾಣುವುದಿಲ್ಲ. ಅದಕ್ಕೆ ಕನ್ನಡಿ ಬಲಗಡೆ, ಗುರಿಯ ವಿರುದ್ಧ ದಿಕ್ಕಿನಲ್ಲಿ ಇರಬೇಕು. ಅದರಲ್ಲಿ ನೋಡಲು ತಲೆ ಬಲಕ್ಕೆ ತಿರುಗಿಸಬೇಕು. ತಲೆ ತಿರುಗಿದರೆ ಭುಜವೂ ಸ್ವಲ್ಪ ತಿರುಗುತ್ತದೆ. ಅಂದರೆ ನೋಡುವ ಕೆಲಸವೇ ನೋಡಬೇಕಾದ್ದನ್ನು ಬದಲಾಯಿಸುತ್ತದೆ. ಹೊಸ ನಿಲುವನ್ನು ಮೈಗೆ ಹತ್ತಿಸಿಕೊಳ್ಳಲು ಕನ್ನಡಿ ಬಹಳ ಒಳ್ಳೆಯದು, ದಿನಾ ಐದು ನಿಮಿಷ ನಿಂತರೂ ಸಾಕು. ತಪ್ಪು ಎಷ್ಟಿದೆ ಎಂದು ಅಳೆಯಲು ಅದು ಸಾಲದು.

ಎದೆಗೆ ಅಡ್ಡವಾಗಿ ಕ್ಲಬ್ ಹಿಡಿದು ಅದು ಎಲ್ಲಿ ತೋರಿಸುತ್ತದೆ ಎಂದು ನೋಡುವ ಪದ್ಧತಿಗೂ ಇದೇ ಮಿತಿ. ಆಗ ಕೈಗಳು ಗ್ರಿಪ್ ಮೇಲೆ ಇರುವುದಿಲ್ಲ, ಭುಜ ಕೆಡುವುದೇ ಬಲಗೈ ಗ್ರಿಪ್ ಮೇಲೆ ಬಂದಾಗ. ಬೇಕಿದ್ದರೆ ನೀವು ಪೂರ್ತಿ ಸ್ಟಾನ್ಸ್ ತೆಗೆದುಕೊಂಡು ಗೆಳೆಯರೊಬ್ಬರಿಗೆ ನಿಮ್ಮ ಎರಡೂ ಮುಂಗೈಗಳ ಮೇಲೆ ಅಡ್ಡ ಸ್ಟಿಕ್ ಇಡಲು ಹೇಳಿ. ಅದು ನೆಲದ ಸ್ಟಿಕ್‌ಗೆ ಸಮಾನಾಂತರವಾಗಿದ್ದರೆ ಭುಜವೂ ಹೆಚ್ಚುಕಡಿಮೆ ಸರಿ.

ಫೋನ್ ವಿಡಿಯೊ ಇವೆರಡಕ್ಕಿಂತ ಮೇಲು, ಕ್ಯಾಮೆರಾ ಸರಿಯಾದ ಜಾಗದಲ್ಲಿದ್ದರೆ ಮಾತ್ರ. ಬ್ಯಾಗಿಗೆ ಸುಮ್ನೆ ಫೋನ್ ಒರಗಿಸಿಟ್ಟು ತೆಗೆದ ವಿಡಿಯೊದಿಂದ ಭುಜದ ದಿಕ್ಕು ತೀರ್ಮಾನ ಮಾಡಬೇಡಿ. ಕ್ಯಾಮೆರಾ ಒಂದಡಿ ಪಕ್ಕಕ್ಕೆ ಸರಿದರೆ ನೇರ ನಿಂತವರು ತೆರೆದು ನಿಂತ ಹಾಗೆ ಕಾಣುತ್ತಾರೆ, ತೆರೆದು ನಿಂತವರು ನೇರ ಕಾಣುತ್ತಾರೆ. ಫೋನನ್ನು ನಿಮ್ಮ ಹಿಂದೆ, ಕಾಲ್ಬೆರಳಿನ ಗೆರೆಯ ನೇರಕ್ಕೆ, ಸ್ಟಾನ್ಸ್‌ನಲ್ಲಿ ಕೈಗಳಿರುವ ಎತ್ತರಕ್ಕೆ ಇಡಿ. ಲೆನ್ಸ್ ಗುರಿಯ ಗೆರೆಗೆ ಸಮಾನಾಂತರವಾಗಿ ನೋಡಲಿ. ಅಗಲವಾಗಿ ತೋರಿಸುವ ಲೆನ್ಸ್ ಬೇಡ, ಅದು ಅಂಚಿನ ಗೆರೆಗಳನ್ನು ಬಗ್ಗಿಸುತ್ತದೆ. ನೆಲದ ಮೇಲೆ ಒಂದು ಸ್ಟಿಕ್ ಫ್ರೇಮಿನೊಳಗೆ ಇರಲಿ, ಹೋಲಿಸಲು ಬೇಕಾಗುತ್ತದೆ.

ಕ್ಲಬ್ ಅಲುಗುವ ಮುಂಚಿನ ಚಿತ್ರದಲ್ಲಿ ವಿಡಿಯೊ ನಿಲ್ಲಿಸಿ. ಬಲ ಮೊಣಕೈ ಎಡ ಮೊಣಕೈಗಿಂತ ಚೆಂಡಿನ ಕಡೆ ಮುಂದೆ ಚಾಚಿಕೊಂಡಿದೆಯೇ? ಹಾಗಿದ್ದರೆ ಭುಜ ತೆರೆದಿದೆ. ಹಿಮ್ಮಡಿ ಸ್ಟಿಕ್‌ಗೆ ಸಮಾನಾಂತರವಿದೆಯೇ? ಇಷ್ಟು ನೋಡಿ ಸಾಕು. ಉಳಿದ ಸ್ವಿಂಗ್ ನೋಡುತ್ತ ಕೂತರೆ ಇನ್ನೂ ಹತ್ತು ತಪ್ಪು ಕಾಣುತ್ತವೆ, ಯಾವುದನ್ನು ಹಿಡಿಯಬೇಕು ಎಂಬುದೇ ಮರೆತುಹೋಗುತ್ತದೆ.

ಕೋಚ್, ಗೆಳೆಯ, ಕ್ಯಾಡಿ

ಹಿಂದೆ ನಿಂತು ನೋಡುವ ಇನ್ನೊಬ್ಬರ ಕಣ್ಣಿಗೆ ಸಮನಾದ ಸಾಧನ ಇಲ್ಲ. ಗೆಳೆಯರಾದರೆ ಪಾದ, ಭುಜ ಎಲ್ಲಿ ತೋರಿಸುತ್ತಿವೆ ಎಂಬುದನ್ನಷ್ಟೇ ಕೇಳಿ, ಪರಿಹಾರ ಕೇಳಬೇಡಿ. ಕೋಚ್ ಬೇಕಾಗುವುದು ಯಾವಾಗ ಎಂದರೆ, ನೇರ ನಿಂತಾಗಲೂ ಚೆಂಡು ಗುರಿಗೆ ಹೋಗದಿದ್ದಾಗ. ಸ್ವಿಂಗ್‌ನ ಒಂದು ತಪ್ಪನ್ನು ಮುಚ್ಚಲು ನಿಲುವಿನ ತಪ್ಪು ಹುಟ್ಟಿಕೊಂಡಿರುತ್ತದೆ. ಒಂದನ್ನು ತಿದ್ದಿದರೆ ಇನ್ನೊಂದು ಬಯಲಾಗುತ್ತದೆ. ಎರಡನ್ನೂ ಯಾವ ಕ್ರಮದಲ್ಲಿ ಬಿಡಿಸಬೇಕು ಎಂಬುದು ಒಳ್ಳೆಯ ಕೋಚ್‌ಗೆ ಗೊತ್ತಿರುತ್ತದೆ. ಬೆನ್ನುನೋವು ಇರುವವರೂ ತಾವೇ ಪ್ರಯೋಗ ಮಾಡುವುದಕ್ಕಿಂತ ಕೋಚ್ ಹತ್ತಿರ ಹೋಗುವುದು ಮೇಲು.

ಕ್ಯಾಡಿಯನ್ನು (ಬ್ಯಾಗ್ ಹೊರುವ ಸಹಾಯಕನನ್ನು) ಹಿಂದೆ ನಿಲ್ಲಿಸಿಕೊಂಡು ಗುರಿ ಹೊಂದಿಸುವುದು ಹಿಂದೆ ವೃತ್ತಿ ಆಟಗಾರರಲ್ಲೂ ಇತ್ತು. 2019ರ ನಿಯಮ ಅದನ್ನೂ ನಿಲ್ಲಿಸಿತು. ಆಟಗಾರ ಸ್ಟಾನ್ಸ್ ತೆಗೆದುಕೊಳ್ಳಲು ಶುರು ಮಾಡಿದ ಮೇಲೆ ಕ್ಯಾಡಿ ಚೆಂಡಿನ ಹಿಂದೆ ಆ ಗೆರೆಯ ಮೇಲಾಗಲಿ ಹತ್ತಿರವಾಗಲಿ ಉದ್ದೇಶಪೂರ್ವಕವಾಗಿ ನಿಲ್ಲುವಂತಿಲ್ಲ. ಅದೇ ಜನವರಿಯಲ್ಲಿ ದುಬೈ ಡೆಸರ್ಟ್ ಕ್ಲಾಸಿಕ್‌ನ ಕೊನೆಯ ಹೋಲ್‌ನಲ್ಲಿ ವೃತ್ತಿ ಆಟಗಾರ ಹಾವೊಟಾಂಗ್ ಲಿ ಅವರಿಗೆ ಇದೇ ಕಾರಣಕ್ಕೆ ಎರಡು ಸ್ಟ್ರೋಕ್ ದಂಡ ಬಿತ್ತು. ಜಂಟಿ ಮೂರನೇ ಸ್ಥಾನದಿಂದ ಜಂಟಿ 12ಕ್ಕೆ ಇಳಿದರು. ಫೆಬ್ರವರಿಯಲ್ಲಿ ವಿವರಣೆ ಬಂತು: ಆಟಗಾರ ಹಿಂದೆ ಸರಿದು, ಕ್ಯಾಡಿ ಪಕ್ಕಕ್ಕೆ ಹೋದ ಮೇಲೆ ಮತ್ತೆ ಸ್ಟಾನ್ಸ್ ತೆಗೆದುಕೊಂಡರೆ ದಂಡವಿಲ್ಲ. ಅಭ್ಯಾಸದಲ್ಲಿ ಯಾರು ಬೇಕಾದರೂ ಹಿಂದೆ ನಿಲ್ಲಲಿ, ಪಂದ್ಯದಲ್ಲಿ ನಿಮ್ಮ ಕಣ್ಣೇ ನಿಮಗೆ ಗತಿ.

ಲಾಂಚ್ ಮಾನಿಟರ್

ಅಲೈನ್‌ಮೆಂಟ್ ಒಂದಕ್ಕೇ ಆದರೆ ಇದು ಬೇಡ. ಕ್ಲಬ್ ಸಾಗಿದ ದಾರಿ, ಫೇಸ್‌ನ ಕೋನ ಎಲ್ಲ ಅಂಕಿಯಲ್ಲಿ ಬರುತ್ತದೆ, ನಿಜ. ಆದರೆ ಕ್ಲಬ್ ಹೊರಗಿನಿಂದ ಒಳಕ್ಕೆ ಐದು ಡಿಗ್ರಿ ಬಂತು ಎಂದು ಗೊತ್ತಾದರೂ, ಅದು ಭುಜ ತೆರೆದದ್ದರಿಂದಲೋ ಡೌನ್‌ಸ್ವಿಂಗ್‌ನ ದೋಷದಿಂದಲೋ ಎಂದು ಆ ಅಂಕಿ ಹೇಳುವುದಿಲ್ಲ. ಮಾನಿಟರ್ ಅನ್ನೇ ಗುರಿಗೆ ತಪ್ಪಾಗಿ ಹೊಂದಿಸಿದ್ದರೆ ಎಲ್ಲ ಅಂಕಿಯೂ ಅಷ್ಟೇ ತಪ್ಪು. ನಿಲುವು ಸರಿಹೋದ ಮೇಲೆ ಬೇಕಾದರೆ ನೋಡಿ.

ಪಟ್ಟಿಂಗ್‌ಗೆ ಬೇರೆ ಲೆಕ್ಕ

ಪಟ್ (ಚೆಂಡನ್ನು ಹೋಲ್ ಕಡೆ ಉರುಳಿಸುವ ಹೊಡೆತ) ಹೊಡೆಯುವಾಗ ಪಾದ ಅಷ್ಟು ಮುಖ್ಯವಲ್ಲ, ಫೇಸ್ ಬಹಳ ಮುಖ್ಯ. ಹೋಲ್‌ನ ಅಗಲ ನಾಲ್ಕೂಕಾಲು ಇಂಚು. ಹತ್ತು ಅಡಿಯ ನೇರ ಪಟ್‌ನಲ್ಲಿ ಚೆಂಡು ಸುಮಾರು ಒಂದು ಡಿಗ್ರಿ ತಪ್ಪಿ ಹೊರಟರೆ ಹೋಲ್‌ನ ಅಂಚಿಗೆ ಹೋಗುತ್ತದೆ. ಚೆಂಡಿನ ಮೇಲೆ ಗೆರೆ ಎಳೆದು, ಹಿಂದೆ ಕೂತು ಅದನ್ನು ಗುರಿಗೆ ಹೊಂದಿಸುವುದಕ್ಕೆ ನಿಯಮದ ಅಡ್ಡಿಯಿಲ್ಲ. ಇದು ಕೆಲವರಿಗೆ ವರ. ಇನ್ನು ಕೆಲವರಿಗೆ ಮೇಲೆ ನಿಂತು ನೋಡಿದಾಗ ಅದೇ ಗೆರೆ ಓರೆಯಾಗಿ ಕಾಣುತ್ತದೆ, ಮನಸ್ಸು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಓರೆ ಕಂಡರೆ ಗೆರೆಯನ್ನು ದೂರುವ ಮುಂಚೆ ಕಣ್ಣು ಎಲ್ಲಿದೆ ನೋಡಿ. ಕಣ್ಣು ಚೆಂಡಿನ ನೇರ ಮೇಲೋ ತುಸು ಒಳಗೋ ಇರಬೇಕು. ಚೆಂಡಿನ ಆಚೆ ಹೋಗಿದ್ದರೆ ಗೆರೆ ಬೇರೆ ಥರ ಕಾಣುತ್ತದೆ.

ನೆಲಕ್ಕೆ ಇಡುವ ಚಿಕ್ಕ ಪಟ್ಟಿಂಗ್ ಕನ್ನಡಿ ಈ ಒಂದು ಕೆಲಸಕ್ಕೆ ತುಂಬಾ ಒಳ್ಳೆಯದು. ಅದರಲ್ಲಿ ನಿಮ್ಮ ಕಣ್ಣು, ಭುಜ ಎರಡೂ ಗೆರೆಗೆ ಹೊಂದಿವೆಯೇ ಎಂದು ತಲೆ ತಿರುಗಿಸದೆಯೇ ಕಾಣುತ್ತದೆ. ಯಾವ ಕಣ್ಣು ನಿಮ್ಮ ಪ್ರಬಲ ಕಣ್ಣು ಎಂಬುದನ್ನೂ ತಿಳಿದುಕೊಳ್ಳಿ. ಎರಡೂ ಕೈ ಸೇರಿಸಿ ಚಿಕ್ಕ ಕಿಂಡಿ ಮಾಡಿ ದೂರದ ವಸ್ತು ನೋಡಿ, ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿದ್ದಾಗ ವಸ್ತು ಕಿಂಡಿಯಲ್ಲೇ ಉಳಿಯುತ್ತದೋ ಅದೇ ನಿಮ್ಮ ಪ್ರಬಲ ಕಣ್ಣು. ಚೆಂಡಿನ ಹಿಂದೆ ಕೂತು ಗೆರೆ ಹೊಂದಿಸುವಾಗ ಆ ಕಣ್ಣು ಗೆರೆಯ ನೇರಕ್ಕೆ ಇರಲಿ.

ಹಾಗಾದರೆ ಯಾರು ಏನು ಮಾಡಬೇಕು

ಹೊಸದಾಗಿ ಕಲಿಯುತ್ತಿರುವವರು ಎರಡು ಕ್ಲಬ್ ಕೆಳಗಿಟ್ಟು ಶುರು ಮಾಡಿ, ಮೊದಲ ದಿನದಿಂದಲೇ ಗುರುತು ನೋಡುವ ಅಭ್ಯಾಸವನ್ನೂ ಜೊತೆಗೆ ಸೇರಿಸಿ. ಬೇರೆ ಏನೂ ಬೇಡ. ವರ್ಷಗಳಿಂದ ಆಡುತ್ತಿದ್ದು ಸ್ಲೈಸ್ ಬಿಡದವರು ಪಾದ ಬಿಟ್ಟು ನೇರ ಭುಜಕ್ಕೆ ಹೋಗಿ, ಒಂದು ಸರಿಯಾದ ವಿಡಿಯೊ ಮಾಡಿ. ರೇಂಜ್‌ನಲ್ಲಿ ಚೆನ್ನಾಗಿ ಹೊಡೆದು ಕೋರ್ಸ್‌ನಲ್ಲಿ ದಿಕ್ಕು ತಪ್ಪುವವರು ಸ್ಟಿಕ್ ಮತ್ತು ಮ್ಯಾಟ್‌ಗೆ ಅಂಟಿಕೊಂಡಿದ್ದಾರೆ. ಅವರು ರೇಂಜ್‌ನಲ್ಲೂ ಪ್ರತಿ ಚೆಂಡಿಗೆ ಗುರಿ ಬದಲಾಯಿಸಿ, ಹಿಂದೆ ನಿಂತು, ಗುರುತು ನೋಡಿ, ಮೊದಲಿನಿಂದ ನಿಲ್ಲಬೇಕು. ಚೆಂಡು ಕಡಿಮೆಯಾಗುತ್ತದೆ, ಅಭ್ಯಾಸ ಜಾಸ್ತಿಯಾಗುತ್ತದೆ.

ಯಾವ ದಾರಿ ಹಿಡಿದರೂ ಮೊದಲ ಕೆಲವು ದಿನ ಕಷ್ಟ. ಬಹಳ ಕಾಲ ಬಲಕ್ಕೆ ತಿರುಗಿ ನಿಂತವರಿಗೆ ನೇರ ನಿಂತಾಗ ಎಡಗಡೆ ಕಾಡಿಗೆ ಹೊಡೆಯುತ್ತಿದ್ದೇನೆ ಅಂತ ಅನ್ನಿಸುತ್ತದೆ. ಚೆಂಡೂ ಎಡಕ್ಕೇ ಹೋಗುತ್ತದೆ, ಯಾಕೆಂದರೆ ಹಳೆಯ ಎಳೆತ ಸ್ವಿಂಗ್‌ನಲ್ಲಿ ಇನ್ನೂ ಉಳಿದಿರುತ್ತದೆ. ಆಗಲೇ ಹೆಚ್ಚಿನವರು ಹೊಸ ನಿಲುವು ಸರಿಯಿಲ್ಲ ಅಂತ ಹಳೆಯದಕ್ಕೆ ವಾಪಸ್ ಹೋಗುವುದು. ಹೋಗಬೇಡಿ. ಪಾದದ ಹಿಂದೆ ಸ್ಟಿಕ್ ಇಟ್ಟು ನಿಲುವು ನೇರವಿದೆ ಎಂದು ಖಚಿತ ಮಾಡಿಕೊಳ್ಳಿ. ನೇರವಿದ್ದರೆ ಪಾದ ಅಲ್ಲೇ ಇರಲಿ. ಏಳು ಅಥವಾ ಎಂಟು ನಂಬರ್ ಐರನ್ ತೆಗೆದುಕೊಂಡು ಅರ್ಧ ವೇಗದಲ್ಲಿ ಹೊಡೆಯಿರಿ. ಎಳೆಯಬೇಕಾದ ಅಗತ್ಯ ಇಲ್ಲವೆಂದು ಕೈಗಳಿಗೆ ತಿಳಿಯುತ್ತ ಬಂದ ಹಾಗೆ ಚೆಂಡು ಎಡದಿಂದ ಮಧ್ಯಕ್ಕೆ ಬರುತ್ತದೆ. ಆಮೇಲೆ ವೇಗ ಹೆಚ್ಚಿಸಿ, ಡ್ರೈವರ್ ಕೊನೆಗೆ ತೆಗೆಯಿರಿ.